ದಮ್ಮಾಮಿಗೆ ಹೋದ ಪಾಠ

ಜುಲೈಕಾ ಬಾಯಿ ತೆರೆದರೆ ಮುಚ್ಚುವವಳಲ್ಲ ಎಂದು ಇಡೀ ಮೆಲ್ಕಾರ್ ಊರಿಗೇ ಗೊತ್ತು. ಆ ಬಾಯಿ ಮಗಳ ಓದಿಗೇ ಕಲ್ಲು ಹಾಕೀತು ಎಂದು ಮಾತ್ರ ಯಾರೂ ಎಣಿಸಿರಲಿಲ್ಲ.

ಮಗಳು ಜಸ್ನಾಳಿಗೆ ಹುಟ್ಟಿನಿಂದ ಕಣ್ಣು ಕಾಣದು. ಬಿ.ಎ.ಗೆ ಸೇರಿದಾಗ, ಪಾಠ ಓದಿ ಹೇಳಲು ಯಾರನ್ನಾದರೂ ಕೊಡಿ ಎಂದು ಕೇಳಿದ್ದಕ್ಕೆ ಕಾಲೇಜಿನವರು ‘ನೋಡುವ, ನೋಡುವ’ ಎಂದು ವರ್ಷಗಳನ್ನೇ ದೂಡಿದರು. ಕೊನೆಗೆ ಈ ವರ್ಷ ಗೆಳತಿ ಶ್ರೀಪ್ರಿಯಾ ಇತಿಹಾಸದ ಪಾಠಗಳನ್ನು ಓದಿ ಒಂದು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟು, ಮದುವೆಯಾಗಿ ಮುಂಬಯಿಗೆ ಹೋದಳು. ಹೋದ ವರ್ಷ ಜಸ್ನಾ ಫೇಲಾದದ್ದು ಇದೇ ಇತಿಹಾಸದಲ್ಲಿ. ಈ ಸಲವೂ ಹೋದರೆ ಓದು ಸಾಕು ಎಂದು ಅಪ್ಪ ಮಮ್ಮು ಸೌದಿಯ ದಮ್ಮಾಮಿನಿಂದ ಖಡಾಖಂಡಿತವಾಗಿ ಹೇಳಿದ್ದ.

ಜುಲೈಕಾಳಿಗೆ ಬರೆಯಲು ಬಾರದು. ಗಂಡನಿಗೆ ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದಳು. ಮನೆಯಲ್ಲಿದ್ದ ಕ್ಯಾಸೆಟ್ಟುಗಳೆಲ್ಲ ಅವನು ತಂದವೇ, ಎಲ್ಲ ಒಂದೇ ತರ. ಹೋದ ವಾರ ಪಕ್ಕದ ಮನೆಯ ರವೂಫ್ ಗಲ್ಫಿಗೆ ಹೊರಟಾಗ, ಕೈಗೆ ಸಿಕ್ಕಿದ್ದರಲ್ಲಿ ಮಾತು ತುಂಬಿಸಿ ಕೊಟ್ಟುಬಿಟ್ಟಳು. ಹೋದದ್ದು ಪಾಠದ ಕ್ಯಾಸೆಟ್ಟೇ ಎಂಬ ಎಡವಟ್ಟು ತಿಳಿದದ್ದು ನಿನ್ನೆ, ಜಸ್ನಾ ಓದಲು ಕುಳಿತಾಗ. ಪರೀಕ್ಷೆ ನಾಳೆ.

ಶುಕ್ರವಾರ ಜುಮಾ ನಮಾಜು ಮುಗಿಸಿ ಮಮ್ಮು ವೆಂಕಪ್ಪನ ಬೂತಿಗೆ ಫೋನ್ ಮಾಡುವುದು ರೂಢಿ. ಇವತ್ತು ವಿಷಯ ಕೇಳಿದ್ದೇ ಅವನು ಟೇಪ್ ರೆಕಾರ್ಡರನ್ನು ಫೋನಿನ ಪಕ್ಕಕ್ಕೆ ತಂದು ಆ ಕ್ಯಾಸೆಟ್ಟು ಹಾಕಿದ. ಅಮ್ಮ ಮಗಳು ಒಂದೇ ರಿಸೀವರಿಗೆ ಕಿವಿ ಕೊಟ್ಟರು. ಮೊದಲು ಕೇಳಿಸಿದ್ದು ಜುಲೈಕಾಳದೇ ದನಿ: ಹಲಸಿನ ಹಪ್ಪಳ, ನಾದಿನಿಯ ಜಗಳ, ಸೋರುವ ಹಂಚು.

“ಇನ್ನೊಂದು ಬದಿ ಹಾಕಿ. ಅದರಲ್ಲಿ ಉಂಟು, ಇರಬೇಕು,” ಎಂದಳು ಜುಲೈಕಾ.

ಇನ್ನೊಂದು ಬದಿಯಲ್ಲೂ ಅವಳೇ. ಅಯ್ಯೋ ದೇವರೇ, ಇಷ್ಟು ಮಾತು ಯಾಕೆ ಬೇಕಿತ್ತು ನನಗೆ ಎಂದು ತನ್ನನ್ನೇ ಬೈದುಕೊಂಡಳು. ಟೇಪಿನಲ್ಲಿ ಅವಳ ಮಾತು ಮುಂದುವರಿಯುತ್ತಲೇ ಇತ್ತು.

“ಜಸ್ನಾಳ ಚಿಂತೆ ನಿಮಗೆ ಬೇಡ. ಆ ಹುಡುಗಿ ಓದಿ ಕೊಟ್ಟ ಪಾಠ ಉಂಟಲ್ಲ, ಈ ಸಲ ಪಾಸಾಗ್ತಾಳೆ.”

ಅಲ್ಲಿಗೆ ಜುಲೈಕಾಳ ಮಾತು ನಿಂತಿತು. ಒಂದು ಕ್ಷಣ ಗರಗರ ಸದ್ದು. ಆಮೇಲೆ, ಅಳಿಯದೆ ಉಳಿದಿದ್ದ ತುದಿಯಲ್ಲಿ, ಶ್ರೀಪ್ರಿಯಾಳ ದನಿ ಕೇಳಿಸಿತು.

“ಪಾಠ ಇಲ್ಲಿಗೆ ಮುಗಿಯಿತು. ಚೆನ್ನಾಗಿ ಬರಿ ಜಸ್ನಾ, ಆಯ್ತಾ?”

ಟೇಪು ಟಕ್ಕೆಂದು ನಿಂತಿತು. ಜುಲೈಕಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

“ಆಯ್ತು,” ಎಂದು ಜಸ್ನಾ ರಿಸೀವರಿಗೆ ಮೆಲ್ಲಗೆ ಹೇಳಿದಳು.