ಮೊದಲ ಸೌಟು ಗಂಜಿ

"ಸಿಕ್ಕಿತಾ ಡಾಕ್ಟ್ರೇ?" ಹೊಟ್ಟೆಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ, ನೋಣಯ್ಯನಿಗೆ ಅವಸರ. "ಕೂದಲಾ? ಹಲ್ಲಿಯ ಬಾಲವಾ?"

ಡಾಕ್ಟರ್ ಬೊನಿಫಾಸ್ ಕನ್ನಡಕ ಒರೆಸಿಕೊಂಡರು. "ಗಡ್ಡೆ ಉಂಟು. ಏಳೆಂಟು. ಎಲ್ಲ ಕಪ್ಪು."

"ಕಪ್ಪಾ!" ನೋಣಯ್ಯ ಪಕ್ಕದಲ್ಲಿದ್ದ ಜೊತೆಗೆಲಸದ ಚನಿಯನನ್ನು ಗೆದ್ದವನ ಹಾಗೆ ನೋಡಿದ. "ನಾನು ಹೇಳಲಿಲ್ಲವಾ ಮಾರಾಯ? ಕೈವಿಷವೇ."

ಅನ್ನದಲ್ಲಿ ಮದ್ದು ಬೆರೆಸಿ ಉಣ್ಣಿಸಿದವಳು ಯಾರೆಂದು ಜೆಪ್ಪು ಊರಿಗೆಲ್ಲ ಗೊತ್ತಿತ್ತು, ನೋಣಯ್ಯನೇ ಹೇಳಿದ್ದ. ಸತ್ತ ಅಣ್ಣನ ಹೆಂಡತಿ ದೇಯಿ ಹಂಚಿನ ಕಾರ್ಖಾನೆಯ ಗೇಟಿನೆದುರು ಗಂಜಿ ಮಾರುತ್ತಿದ್ದಳು. ಆ ಕಾರ್ಖಾನೆಯಲ್ಲಿ ಮಣ್ಣು ತುಳಿಯುವ ನೋಣಯ್ಯನ ಮಧ್ಯಾಹ್ನದ ಊಟ ಹತ್ತು ವರ್ಷ ಅಲ್ಲೇ, ಪುಕ್ಕಟೆ. ಹೊಟ್ಟೆಯಲ್ಲಿ ಊಟ ನಿಲ್ಲದಾದಾಗ, ವಿಷ ಕಕ್ಕಿಸುವ ಪಂಡಿತನೊಬ್ಬ "ಮನೆಯವರದೇ ಕೈ" ಅಂದ. ನೋಣಯ್ಯನಿಗೆ ಮನೆಯವರೆಂದು ಇದ್ದವಳು ಒಬ್ಬಳೇ, ಹಾಗಾಗಿ ಹುಡುಕುವ ಕಷ್ಟ ಬೀಳಲಿಲ್ಲ. ವಾರದೊಳಗೆ ದೇಯಿಯ ಮಡಕೆ ತುಂಬಿದ ಹಾಗೇ ಮನೆಗೆ ವಾಪಸಾಗತೊಡಗಿತು.

"ಮೈಮೇಲೆ ಎಲ್ಲಾದರೂ ಕಪ್ಪು ಮಚ್ಚೆ ಇತ್ತಾ?" ಡಾಕ್ಟರು ಕೇಳಿದರು.

"ನೋವು ಹೊಟ್ಟೆಯಲ್ಲಿ, ಡಾಕ್ಟ್ರೇ."

"ಇತ್ತಾ?"

"ಅಂಗಾಲಲ್ಲಿ ಇತ್ತು. ಹೋದ ವರ್ಷ ದೊಡ್ಡದಾಯ್ತು, ಮಣ್ಣು ತುಳಿಯಲಿಕ್ಕೆ ಉಪದ್ರ. ಕತ್ತಿಯಲ್ಲಿ ಕೆತ್ತಿ ತೆಗೆದೆ."

"ಯಾರು ಕೆತ್ತಿದ್ದು?"

"ನಾನೇ."

"ಅದು ಕ್ಯಾನ್ಸರ್. ಅಲ್ಲಿಂದ ಹೊಟ್ಟೆಗೆ ಹೋಗಿದೆ. ಬಹಳ ಅಪರೂಪ, ನಾನೇ ಪುಸ್ತಕದಲ್ಲಿ ಓದಿದ್ದು ಬಿಟ್ಟರೆ ಕಂಡವನಲ್ಲ." ಅವರು ಕನ್ನಡಕ ಹಾಕಿಕೊಂಡರು. "ತೆಗೆಯಲು ಆಗಲಿಲ್ಲ. ಹೋಗಿ ಬೇಕಾದವರನ್ನು ನೋಡು. ಯಾರೂ ನಿನಗೆ ಎಂತದೂ ಹಾಕಲಿಲ್ಲ."

ಚನಿಯ ಕಿಟಕಿಯ ಹೊರಗೆ ನೋಡಿದ. ಆರು ತಿಂಗಳಿಂದ ಅವನೂ ಮನೆಯಿಂದಲೇ ಬುತ್ತಿ ತರುತ್ತಿದ್ದ.

ಹತ್ತು ದಿನ ಬಿಟ್ಟು, ಮಧ್ಯಾಹ್ನದ ಗಂಟೆ ಹೊಡೆಯುವ ಹೊತ್ತಿಗೆ ಸರಿಯಾಗಿ ನೋಣಯ್ಯ ಗೇಟಿನೆದುರು ಜಟಕಾದಿಂದ ಇಳಿದ. ಕೆಲಸದವರೆಲ್ಲ ಕೇಳುವ ಹಾಗೆ ಗಟ್ಟಿಯಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಆದರೆ ಸ್ವರ ಮಡಕೆಯಿಂದಾಚೆ ಹೋಗಲಿಲ್ಲ.

"ಅತ್ತಿಗೆ... ಗಂಜಿ ಉಂಟಾ?"

"ಗಂಜಿಗೆ ಎಂತ ಬರಗಾಲ? ಮಡಕೆ ತುಂಬ ಉಂಟು." ದೇಯಿ ಅವನ ಹೊಟ್ಟೆಯ ಪಟ್ಟಿ ನೋಡಿದಳು. "ಕೂತುಕೋ."

ಚಿಪ್ಪಿನ ಸೌಟನ್ನು ಮಡಕೆಗೆ ಅದ್ದಿ, ಗಂಜಿಯನ್ನು ತನ್ನ ಅಂಗೈಗೆ ಸುರಿದುಕೊಂಡು, ಅವನಿಗೆ ಕಾಣುವ ಹಾಗೆ ಕುಡಿದಳು. ಆಮೇಲೆ ಬಟ್ಟಲಿಗೆ ಬಡಿಸಿದಳು.

"ಅಯ್ಯೋ, ಬೇಡ ಅತ್ತಿಗೆ, ಹಾಗೆ ಮಾಡಬೇಡಿ..."

"ಈಗ ಎಲ್ಲರಿಗೂ ಹೀಗೇ. ಅಭ್ಯಾಸ ಆಗಿದೆ," ಅಂದಳು ದೇಯಿ. "ಕುಡಿ, ತಣಿಯುತ್ತದೆ."

ಗೇಟಿನಲ್ಲಿ ಜನ ನಿಂತಿದ್ದರು. ನೋಣಯ್ಯ ಎರಡೂ ಕೈಯಲ್ಲಿ ಬಟ್ಟಲನ್ನು ಎತ್ತಿ ಬಾಯಿಗಿಟ್ಟ. ಗಂಜಿ ಮುಗಿದ ಮೇಲೂ ಅದನ್ನು ಮುಖದಿಂದ ಇಳಿಸಲಿಲ್ಲ.