ಎಡಗಡೆಯ ಶಾಫ್ಟ್

ದನದ ಆಸ್ಪತ್ರೆಯ ಡಾಕ್ಟರಮ್ಮ ಮತ್ತು ಅವಳ ಗಂಡ ಮನೆಯ ಪಕ್ಕದ ಶೆಡ್ಡಿನಲ್ಲಿ ಒಂದು ಕಾರು ಕಟ್ಟುತ್ತಿದ್ದರು. ಚೌಕಟ್ಟು, ಮೈ, ಸೀಟು ಎಲ್ಲ ಬಿಡಿಬಿಡಿಯಾಗಿ ಪೆಟ್ಟಿಗೆಗಳಲ್ಲಿ ಬಂದಿದ್ದವು. ಸೀಟಿನ ಹಿಂದೆ ಕೂರಿಸಿದ ಇಂಜಿನ್ನು, ಗೇರ್‌ಬಾಕ್ಸು ಗುಜರಿ ಸೇರಿದ್ದ ಒಂದು ಕಾರಿನವು. ಹಿಂದಿನ ಗಾಲಿಗಳು ಅದೇ ಕಂಪನಿಯ ಇನ್ನೊಂದು ಕಾರಿನವು. ಗೇರ್‌ಬಾಕ್ಸಿನಿಂದ ಗಾಲಿಗೆ ತಿರುಗುವ ಶಕ್ತಿ ಒಯ್ಯುವ ಡ್ರೈವ್‌ಶಾಫ್ಟುಗಳನ್ನು ಮಾತ್ರ ಅವರೇ ಹುಡುಕಿಕೊಳ್ಳಬೇಕಿತ್ತು.

ಅಳತೆ ತೆಗೆದವಳು ಡಾಕ್ಟರಮ್ಮ. ಕಾರನ್ನು ಜಾಕಿನ ಮೇಲೆತ್ತಿ, ಗಾಲಿ ಪೂರ್ತಿ ಇಳಿಬಿದ್ದಾಗ ಎಷ್ಟು ದೂರ, ಮೇಲೇರಿದಾಗ ಎಷ್ಟು ದೂರ ಎಂದು ಟೇಪು ಹಿಡಿದು ನೋಡಿದಳು. ಗೇರ್‌ಬಾಕ್ಸು ಒಂದು ಪಕ್ಕಕ್ಕೆ ಸರಿದು ಕೂತಿದ್ದರಿಂದ ಎಡಗಡೆಗೆ ಉದ್ದನೆಯ ಶಾಫ್ಟು ಬೇಕಿತ್ತು. ಚೀಟಿ ಬರೆದು ಗಂಡನ ಕೈಗಿಟ್ಟಳು.

"ಎರಡು ತುದಿಯ ಹಲ್ಲೂ ಹೊಂದಬೇಕು, ಉದ್ದಾನೂ ಹೊಂದಬೇಕು. ಮರೀಬೇಡಿ ರೀ."

"ಆಯ್ತು ಕಣೇ, ಎಷ್ಟು ಸಲ ಹೇಳ್ತೀಯ!"

ಗಂಡ ರೇಡಿಯೋದಲ್ಲಿ ಸುದ್ದಿ ಓದುವವನು. ಅವನ ದನಿಯಲ್ಲಿ ಸುಳ್ಳೂ ಸರ್ಕಾರಿ ಪ್ರಕಟಣೆಯಂತೆ ಕೇಳಿಸುತ್ತಿತ್ತು. ಸಂಜೆ ಶಾಫ್ಟುಗಳನ್ನು ಹೆಗಲ ಮೇಲಿಟ್ಟುಕೊಂಡು ಬಂದ. ಡಾಕ್ಟರಮ್ಮ ಎಡಗಡೆಯದನ್ನು ಕೂರಿಸಿ, ಗಾಲಿಯನ್ನು ಕೆಳಗೆ ಜಗ್ಗಿದಳು. ಶಾಫ್ಟಿನ ಒಳತುದಿ ಬಟ್ಟಲಿನಂಥ ಜಾಯಿಂಟಿನ ಅಂಚಿನಲ್ಲಿ ನಿಂತಿತು. ಇನ್ನು ಒಂದು ಉಗುರಿನಷ್ಟು ಎಳೆದರೆ ಕಳಚುವಂತಿತ್ತು.

"ಇದು ಗಿಡ್ಡ ರೀ. ವಾಪಸ್ ಕೊಟ್ಟು ಬನ್ನಿ."

"ಅಂಗಡಿಯವನು ಹುಟ್ಟಿದಾಗಿಂದ ಇದನ್ನೇ ಮಾರ್ತಿದ್ದಾನೆ. ಅವನಿಗಿಂತ ನಿನಗೆ ಗೊತ್ತಾ? ಇದೇ ಆಗುತ್ತೆ ಅಂದಿದ್ದಾನೆ."

"ನನ್ನ ಅಳತೆ ತೋರಿಸಿದ್ರಾ?"

"ಎಲ್ಲ ತೋರಿಸ್ದೆ."

ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದ ಅತ್ತೆ ಕನ್ನಡಕದ ಮೇಲಿಂದ ಮಗನನ್ನು ನೋಡಿದರು. ಅಂಗಡಿಯವನೇ ಅಳತೆ ನೋಡಿ ಒಪ್ಪಿದ್ದಾನೆಂದ ಮೇಲೆ ತಾನೇ ಎಲ್ಲೋ ತಪ್ಪು ಎಣಿಸಿದ್ದೇನೆಂದುಕೊಂಡು ಡಾಕ್ಟರಮ್ಮ ಬೋಲ್ಟು ಬಿಗಿದಳು.

ಭಾನುವಾರ ಬೆಳಿಗ್ಗೆ ಬೀದಿಯೆಲ್ಲ ಸೇರಿತ್ತು. ಗಂಡ ಸ್ಟೀರಿಂಗ್ ಹಿಡಿದ. ಕಾರು ಏರಿನಲ್ಲಿ ಚೆನ್ನಾಗಿಯೇ ಹೋಯಿತು. ರಸ್ತೆಯುಬ್ಬಿನ ಮೇಲೆ ಮೈ ಎಗರಿ ಎಡಗಾಲಿ ಇಳಿಬಿದ್ದದ್ದೇ ತಡ, ಹಿಂದಿನಿಂದ ಟಣ್ ಎಂಬ ಸದ್ದು. ಶಾಫ್ಟು ಕಳಚಿತ್ತು, ಶಕ್ತಿಯೆಲ್ಲ ಆ ಖಾಲಿ ಕಡೆಗೇ ಸುತ್ತಿ ಪೋಲಾಗುತ್ತಿತ್ತು. ಇಂಜಿನ್ನು ಅರಚುತ್ತಿದೆ, ಕಾರು ಮುಂದೆ ಹೋಗುತ್ತಿಲ್ಲ. ಗಾಬರಿಯಲ್ಲಿ ಗಂಡ ಬ್ರೇಕಿನ ಬದಲು ಆಕ್ಸಿಲರೇಟರನ್ನೇ ಒತ್ತಿದ. ಕಾರು ಹಿಂದಕ್ಕೆ ಜಾರಿ ಎದುರುಮನೆ ವಕೀಲರ ಗೇಟಿಗೆ ಗುದ್ದಿ ನಿಂತಿತು.

ಯಾರಿಗೂ ಪೆಟ್ಟಾಗಲಿಲ್ಲ. ಗೇಟು ಮಾತ್ರ ಕಿತ್ತುಬಂದು ಮಲಗಿತು. ವಕೀಲರು ಲುಂಗಿಯಲ್ಲೇ ಓಡಿ ಬಂದರು. ಗಂಡ ಇಳಿದು, ಗಂಟಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ: "ಆ ಕಡೆ ಶಾಫ್ಟು ಜೋಡಿಸಿದ್ದು ಇವಳು."

ಎಲ್ಲರೂ ಡಾಕ್ಟರಮ್ಮನ ಕಡೆ ತಿರುಗಿದರು. "ಪಾಪ, ಹೋಗ್ಲಿ ಬಿಡಿ, ಹೆಂಗಸರಿಗೆ ಇದೆಲ್ಲ ಹೇಗೆ ಬರಬೇಕು," ಅಂದರು ವಕೀಲರು. ಅದು ಬೈಗುಳವಾಗಿದ್ದರೆ ವಾಸಿಯಿತ್ತು. ಎಮ್ಮೆಯ ಹೊಟ್ಟೆಯಲ್ಲಿ ಅಡ್ಡ ತಿರುಗಿದ ಕರುವನ್ನು ಮೊಣಕೈವರೆಗೆ ಕೈ ತೂರಿಸಿ ನೆಟ್ಟಗೆ ಮಾಡುವವಳಿಗೆ ಆ 'ಪಾಪ' ಎನ್ನುವುದು ಮೈಗೆಲ್ಲ ಬೆಂಕಿ ಹಚ್ಚಿತು.

ಮರುದಿನ ಅವಳೇ ಬಿಡಿಭಾಗದ ಅಂಗಡಿಗೆ ಹೋಗಿ, ಗ್ರೀಸು ಮೆತ್ತಿದ ಶಾಫ್ಟನ್ನು ಕೌಂಟರಿನ ಗಾಜಿನ ಮೇಲಿಟ್ಟಳು. ಅಂಗಡಿಯವನು ಅವಳ ಬೆನ್ನ ಹಿಂದೆ ಇಣುಕಿದ.

"ನಿಮ್ಮ ಯಜಮಾನ್ರು ಬರ್ಲಿಲ್ವಾ ಮೇಡಂ? ಅವರನ್ನ ಕಳಿಸಿ, ಬಿಡಿಸಿ ಹೇಳ್ತೀನಿ."

"ಅವರು ಓದೋದು ಸುದ್ದಿ. ಶಾಫ್ಟಿನ ವಿಷಯ ನನಗೇ ಹೇಳಿ."

"ಹಲ್ಲು ಸರಿಯಾಗಿ ಕೂತಿತ್ತಲ್ಲ?"

"ಹಲ್ಲು ಕೂತ್ರೆ ಸಾಕಾ? ಕಾಲು ಗಿಡ್ಡ ಇದ್ರೆ ದನ ಕುಂಟಲ್ವಾ? ನಾನು ಅಳತೆ ಕಳಿಸಿದ್ದೆ, ಅದನ್ನ ನೋಡಿಯೂ ಹೇಗೆ ಕೊಟ್ರಿ?"

ಅಂಗಡಿಯವನ ಮುಖ ಕೆಂಪಾಯಿತು. "ಯಾವ ಅಳತೆ ಮೇಡಂ? ನಾನೇ ಕೇಳಿದೆ. ಅಳತೆ ಗಿಳತೆ ಬೇಡ, ಕಾರಿನ ಹೆಸರು ಹೇಳ್ತೀನಿ, ಕೊಡಿ ಅಂದ್ರು. ಮನೇಲಿ ಇವಳೊಬ್ಬಳು ಟೇಪು ಹಿಡ್ಕೊಂಡು ತಲೆ ತಿಂತಾಳೆ ಅಂತ ನಕ್ಕರು. ನಾನೂ ನಕ್ಕೆ. ತಪ್ಪಾಯ್ತು."

ಡಾಕ್ಟರಮ್ಮನಿಗೆ ಚುಚ್ಚಿದ್ದು ಗೇಟು ಮುರಿದದ್ದಲ್ಲ, ಬೀದಿಯ ಮುಂದೆ ಮಾನ ಹೋದದ್ದೂ ಅಲ್ಲ. ತನ್ನ ಲೆಕ್ಕವನ್ನೇ ತಾನು ಅನುಮಾನಿಸುವಂತೆ ಗಂಡ ಮಾಡಿದನಲ್ಲ, ಅದು. "ಇರೋ ಶಾಫ್ಟೆಲ್ಲ ಕೆಳಗಿಳಿಸಿ," ಅಂದಳು.

ಅವನು ಏಣಿ ಹತ್ತಿ ಒಂದೊಂದೇ ಇಳಿಸಿದ. ಅವಳು ನೆಲದಲ್ಲೇ ಕೂತು ಅಳೆದಳು. ಗಂಡ ಹೆಸರು ಹೇಳಿದ್ದ ಅದೇ ಕಾರಿನ ದೊಡ್ಡ ಇಂಜಿನ್ ಮಾದರಿಯ ಶಾಫ್ಟಿಗೆ ಎರಡೂ ತುದಿಯಲ್ಲಿ ಅವೇ ಹಲ್ಲು, ಉದ್ದವೂ ಬೇಕಾದಷ್ಟೇ. ಅಂಗಡಿಯವನು ಬದಲಾಯಿಸಿಕೊಟ್ಟ.

ಮನೆಗೆ ಬಂದಾಗ ಗಂಡ ಊಟಕ್ಕೆ ಕೂತಿದ್ದ. ಅವಳು ಕೈ ಕೂಡ ತೊಳೆಯಲಿಲ್ಲ.

"ಅಳತೆ ತೋರಿಸ್ದೆ ಅಂದ್ರಲ್ಲ, ಯಾರಿಗೆ ತೋರಿಸಿದ್ರಿ? ಗೋಡೆಗಾ?"

ಅವನು ತುತ್ತು ನುಂಗಿದ. "ಅದು... ಅಷ್ಟು ಜನ ಗಂಡಸರ ಮುಂದೆ ಹೆಂಡತಿ ಚೀಟಿ ಹಿಡ್ಕೊಂಡು ಹೇಗೆ ನಿಲ್ಲೋದು ಅಂತ..."

"ಹೆಂಡತಿ ತಲೆ ಮೇಲೆ ತಪ್ಪು ಹೊರಿಸೋಕೆ ಮಾತ್ರ ನಾಚಿಕೆ ಆಗ್ಲಿಲ್ಲ ಅಲ್ವಾ?"

"ಬಾಯಿತಪ್ಪಿ ಬಂತು ಕಣೇ. ಕ್ಷಮಿಸು."

"ಅಡುಗೆಮನೇಲಿ ಕೇಳೋ ಕ್ಷಮೆ ನನಗೆ ಬೇಡ. ಬೀದಿಲಿ ಹೇಳಿದ್ದನ್ನ ಬೀದಿಲೇ ವಾಪಸ್ ತಗೊಳ್ಳಿ."

ಅವನು ಆಸರೆಗೆಂದು ತಾಯಿಯ ಕಡೆ ನೋಡಿದ. ಅತ್ತೆ ಅವನ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡರು. "ಹೋಗಿ ಬಾ. ಬಂದ ಮೇಲೆ ಬಿಸಿ ಮಾಡಿ ಕೊಡ್ತೀನಿ."

ವಕೀಲರ ಮನೆ ಮುಂದೆ ಬೆಸುಗೆಯವನು ಗೇಟು ಕೂರಿಸುತ್ತಿದ್ದ, ಅಕ್ಕಪಕ್ಕದವರೂ ನಿಂತಿದ್ದರು. ಗಂಡ ಅಲ್ಲಿಗೆ ಹೋಗಿ, ಹೆಂಡತಿಯ ಅಳತೆ ಸರಿಯಿತ್ತು, ತಾನೇ ಅದನ್ನು ಅಂಗಡಿಯಲ್ಲಿ ತೋರಿಸಲಿಲ್ಲ, ಬ್ರೇಕು ಒತ್ತದವನೂ ತಾನೇ ಎಂದ. ಶೆಡ್ಡಿನಲ್ಲಿ ಕಾರಿನಡಿ ಮಲಗಿ ಶಾಫ್ಟು ಕೂರಿಸುತ್ತಿದ್ದ ಡಾಕ್ಟರಮ್ಮನಿಗೆ ಒಂದೊಂದು ಮಾತೂ ಕೇಳಿಸಿತು. ಕೊನೆಗೆ ವಕೀಲರು ನಕ್ಕು "ಹೆಂಡತಿಗೆ ಹೆದರಿದ್ರಾ?" ಎಂದಾಗ ಅವನು, "ಇಲ್ಲ ಸಾರ್, ಅನ್ಯಾಯ ಮಾಡಿದ್ದೆ," ಎಂದದ್ದೂ ಕೇಳಿಸಿತು. ಅವಳ ಕೈ ಒಂದು ಗಳಿಗೆ ನಿಂತು, ಮತ್ತೆ ಬೋಲ್ಟು ತಿರುಗಿಸಿತು.

ಸಾರಿಗೆ ಇಲಾಖೆಯ ತಪಾಸಣೆಯವರು ಕಾರನ್ನು ಒಪ್ಪಿದ ಮೇಲೆ ಅವಳೇ ಕಾರು ಓಡಿಸಿದಳು. ಗಂಡ ಪಕ್ಕದಲ್ಲಿ ಕೂತ. ಪೇಟೆ ದಾಟಿ, ಕಲ್ಲುಗುಂಡಿಗಳ ರಸ್ತೆಯಲ್ಲಿ ಎದ್ದುಬಿದ್ದು ಹೋದರೂ ಶಾಫ್ಟು ಕದಲಲಿಲ್ಲ.

"ಇನ್ನೂ ಕೋಪಾನಾ?" ಅವನು ಕೇಳಿದ.

"ಹೂಂ."

"ಎಷ್ಟು ದಿನ ಇರುತ್ತೆ?"

"ಗೊತ್ತಿಲ್ಲ. ಕೆರೆ ತನಕ ಹೋಗಿ ಬರೋಣ, ಕೂತ್ಕೊಳ್ಳಿ," ಎಂದು ಗೇರು ಬದಲಿಸಿದಳು.