ಅಮ್ಮನ ನಾಲ್ಕು ಹೊಲಿಗೆ

ಹೇಳಿದ ಮಾತು ಕೇಳದ ತಮ್ಮ ಒಬ್ಬ ನಿಮ್ಮ ಮನೆಯಲ್ಲೂ ಇರಬಹುದು. ನಮ್ಮ ಮನೆಯಲ್ಲಿ ಇದ್ದಾನೆ. ಹೆಸರು ಡೆನಿಸ್, ವಯಸ್ಸು ಇಪ್ಪತ್ತಾರು. ಹಂಪನಕಟ್ಟೆಯಲ್ಲಿ ಅಪ್ಪನ ಕಾಲದ ಸ್ಟುಡಿಯೋ ನೋಡಿಕೊಳ್ಳುತ್ತಾನೆ. ವಾರದ ಆರು ದಿನ ಜನರ ಫೋಟೋ ತೆಗೆಯುತ್ತಾನೆ. ಏಳನೆಯ ದಿನ ಇಗರ್ಜಿಯಿಂದ ಬಂದ ಕೂಡಲೇ ಬಜಪೆಯ ವಿಮಾನ ನಿಲ್ದಾಣಕ್ಕೆ ಓಡಿ, ವಿಮಾನದಿಂದ ಕೆಳಗೆ ಹಾರುತ್ತಾನೆ.

ಹೌದು, ಸರಿಯಾಗಿಯೇ ಓದಿದಿರಿ. ಬೆನ್ನಿಗೆ ಪ್ಯಾರಾಶೂಟ್ ಕಟ್ಟಿಕೊಂಡು ಹಾರುತ್ತಾನೆ. ಈ ಹುಚ್ಚು ಹತ್ತಿದ ಒಂಬತ್ತು ಜನರ ಒಂದು ಕೂಟವೇ ಇದೆ. ನಾನು ಐರಿನ್, ಅವನ ಅಕ್ಕ, ನರ್ಸ್. ಕೂಟದವರು ಈ ಕರಪತ್ರವನ್ನು ನನ್ನಿಂದ ಬರೆಸುತ್ತಿದ್ದಾರೆ. ಅವರಲ್ಲಿ ಯಾರು ಬರೆದರೂ ಹಾರುವುದನ್ನು ಹೊಗಳಿಯೇ ಮುಗಿಸುತ್ತಾರಂತೆ. ನಾನು ಹೊಗಳುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ. ನಮ್ಮ ಮನೆಮಾತು ಕೊಂಕಣಿ, ನೆರೆಯವರ ಜೊತೆ ತುಳು. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ.

ಇದು ಹೋದ ವರ್ಷದ, ಅಂದರೆ ಸಾವಿರದ ಒಂಬೈನೂರ ಅರವತ್ತಾರರ ಮಾತು. ಅಪ್ಪ ಚಾರ್ಲ್ಸ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಅವರು ಬಿಟ್ಟುಹೋದದ್ದು ಸ್ಟುಡಿಯೋ, ಒಂದು ಜರ್ಮನ್ ಕ್ಯಾಮರಾ ಮತ್ತು ಒಂದು ಆಸೆ. "ಒಮ್ಮೆ ಮೇಲಿಂದ ನಮ್ಮ ಊರಿನ ಫೋಟೋ ತೆಗೀಬೇಕು. ಗುರುಪುರ ಹೊಳೆ, ಸಮುದ್ರ ಎಲ್ಲ ಒಂದರಲ್ಲೇ ಬರಬೇಕು" ಎನ್ನುತ್ತಿದ್ದರು. ಅದು ಆಗಲೇ ಇಲ್ಲ.

ಅಪ್ಪನದು ಒಂದು ಕಟ್ಟುನಿಟ್ಟು ಇತ್ತು. ಕ್ಯಾಮರಾ ಕೈಗೆ ಬರುವ ಮೊದಲು ಅದರ ಪಟ್ಟಿ ಕೊರಳಿಗೆ ಬೀಳಬೇಕು. ಮದುವೆಯ ಮುನ್ನಾದಿನ ರೋಸ್ ಶಾಸ್ತ್ರದಲ್ಲಿ ಮದುಮಕ್ಕಳಿಗೆ ಹಚ್ಚುವ ತೆಂಗಿನ ಹಾಲು ಚೆಲ್ಲಿ ನೆಲ ಜಾರುವಾಗಲೂ ಸರಿ, ದೋಣಿಯಲ್ಲಿ ನಿಂತಾಗಲೂ ಸರಿ. ಡೆನಿಸ್ ಹತ್ತು ವರ್ಷದವನಿದ್ದಾಗ ಪಟ್ಟಿ ಹಾಕದೆ ಕ್ಯಾಮರಾ ಮುಟ್ಟಿ ಕಿವಿ ಹಿಂಡಿಸಿಕೊಂಡಿದ್ದ. ಆಮೇಲೆ ಅದನ್ನು ಮರೆತವನೇ ಅಲ್ಲ. ನೆಲದ ಮೇಲೆ ಆ ಕಟ್ಟುನಿಟ್ಟು ಒಳ್ಳೆಯದೇ.

ಜನವರಿಯ ಒಂದು ದಿನ ಊಟಕ್ಕೆ ಕೂತಾಗ ಡೆನಿಸ್ ಹೇಳಿದ, "ಅಮ್ಮಾ, ಅಪ್ಪ ಹೇಳ್ತಿದ್ದ ಆ ಫೋಟೋ ನಾನು ತೆಗೀತೇನೆ. ಬರುವ ಆದಿತ್ಯವಾರ ಕ್ಯಾಮರಾ ತಗೊಂಡೇ ಹಾರ್ತೇನೆ."

"ನಿನ್ನ ಮಂಡೆ ಸಮ ಉಂಟಾ? ಇಷ್ಟರವರೆಗೆ ಹಾರಿದ್ದೇ ಆರು ಸಲ!" ಎಂದು ನಾನು ಗದರಿದೆ.

ನಮ್ಮಮ್ಮ ಮಟಿಲ್ಡಾ ಕದ್ರಿಯಲ್ಲಿ ಹೆಸರು ಮಾಡಿದ ಹೊಲಿಗೆಯವಳು. ಅವಳು ಹೊಲಿದ ಫ್ರಾಕನ್ನು ಒಂದೇ ಮನೆಯ ಮೂರು ಹುಡುಗಿಯರು ಒಬ್ಬರಾದ ಮೇಲೆ ಒಬ್ಬರು ತೊಟ್ಟರೂ ಹೊಲಿಗೆ ಬಿಟ್ಟದ್ದಿಲ್ಲ. ಬಟ್ಟೆಯನ್ನು ಯಾರಿಗೇ ಕೊಡಲಿ, ಮೊದಲು ಕಣ್ಣು ಮುಚ್ಚಿ ಹೊಲಿಗೆಯ ಉದ್ದಕ್ಕೂ ಹೆಬ್ಬೆರಳು ಓಡಿಸಿ ನೋಡುತ್ತಾಳೆ. ಹಾರಬೇಡ ಎಂದು ಮಗನಿಗೆ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಈಗ ಕೈಲಾದದ್ದು ಮಾಡೋಣ ಎಂದು ಕ್ಯಾಮರಾಕ್ಕೆ ಹೊಸ ಪಟ್ಟಿ ಹೊಲಿದಳು. ಎರಡು ಪದರ ಕ್ಯಾನ್ವಾಸು, ಮೇಣ ಉಜ್ಜಿದ ಕಪ್ಪು ದಾರ, ಮೂರು ಸಾಲು ಹೊಲಿಗೆ.

"ಆನೆ ಎಳೆದ್ರೂ ತುಂಡಾಗುದಿಲ್ಲ, ಪುತಾ" ಎಂದು ಮಗನ ಕೊರಳಿಗೆ ತಾನೇ ಹಾಕಿ ಕಳಿಸಿದಳು.

ಆ ಆದಿತ್ಯವಾರ ಮಧ್ಯಾಹ್ನಕ್ಕೇ ಡೆನಿಸ್ ಮುಖ ಊದಿಸಿಕೊಂಡು ವಾಪಸು ಬಂದ. ಹಿಂದೆಯೇ ತಾರಾನಾಥರು ಬಂದರು. ಅವರು ಮಿಲಿಟರಿಯಲ್ಲಿ ಪ್ಯಾರಾಶೂಟ್ ಕಲಿಸುತ್ತಿದ್ದವರು. ನಿವೃತ್ತರಾಗಿ ನಮ್ಮ ಹಿಂದಿನ ಓಣಿಯಲ್ಲಿದ್ದಾರೆ. ಕೂಟಕ್ಕೆ ಅವರೇ ಗುರು.

"ಮಟಿಲ್ಡಾಬಾಯಿ, ನಿಮ್ಮ ಮಗನನ್ನು ಇವತ್ತು ವಿಮಾನ ಹತ್ತಿಸಲಿಲ್ಲ ನಾನು" ಎಂದರು.

ಅಮ್ಮನಿಗೆ ಒಳಗೊಳಗೇ ಖುಷಿ. "ಎಂತ ಮಾಡಿದ ಇವ?"

"ಮದುವೆಗೆ ಹೋಗುವ ಹಾಗೆ ಕೊರಳಿಗೆ ಕ್ಯಾಮರಾ ನೇತುಹಾಕಿಕೊಂಡು ಬಂದಿದ್ದಾನೆ!"

ಡೆನಿಸ್ ಸಿಡುಕಿದ. "ಮತ್ತೆ ಎಲ್ಲಿ ಇಟ್ಟುಕೊಳ್ಳುದು ಮಾರಾಯ್ರೆ? ಅಪ್ಪನ ಕ್ಯಾಮರಾ ಅದು. ಬಿದ್ರೆ ನೀವು ತಂದು ಕೊಡ್ತೀರಾ?"

ತಾರಾನಾಥರಿಗೆ ಸಿಟ್ಟು ಬರಲಿಲ್ಲ. ಒಂದು ತಲೆದಿಂಬು ಕೇಳಿದರು. ಕ್ಯಾಮರಾ ಕೊರಳಲ್ಲಿ ಇದ್ದ ಹಾಗೆಯೇ ಡೆನಿಸನನ್ನು ಸ್ಟೂಲಿನಲ್ಲಿ ಕೂರಿಸಿ, ದಿಂಬನ್ನು ಅವನ ಎದೆಗೆ ಕಟ್ಟಿ ಹೇಳಿದರು, "ಬೆನ್ನಿನ ಪ್ಯಾರಾಶೂಟ್ ಬಿಚ್ಚಿಕೊಳ್ಳದಿದ್ರೆ ಜೀವ ಉಳಿಸುವ ಎರಡನೆಯದ್ದು ಇಲ್ಲಿ, ಎದೆಯಲ್ಲಿ ಉಂಟು. ಈ ಮೂಲೆ ಅದರ ಹಿಡಿಕೆ ಅಂತ ಇಟ್ಟುಕೋ. ಕಣ್ಣು ಮುಚ್ಚು. ಹಿಡಿ!"

ಡೆನಿಸ್ ಕೈ ಹಾಕಿದ. ಕೈಗೆ ಸಿಕ್ಕಿದ್ದು ಕ್ಯಾಮರಾ. ಇನ್ನೊಮ್ಮೆ ಹಾಕಿದ, ಆಗಲೂ ಕ್ಯಾಮರಾವೇ.

"ಎರಡು ಸಲ ಸತ್ತೆ" ಎಂದರು ತಾರಾನಾಥರು. ಆಮೇಲೆ ಪಟ್ಟಿಯ ಹಿಂಬದಿಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿದರು. "ಹಗ್ಗವೋ ಕೊಂಬೆಯೋ ಹಿಡಿದುಕೊಂಡಿತು ಅಂತ ಇಟ್ಟುಕೋ. ಈಗ ಸ್ಟೂಲಿನಿಂದ ಮೆಲ್ಲ ಏಳು."

ಮೆಲ್ಲ ಎಂದರೆ ಡೆನಿಸನಿಗೆ ಎಲ್ಲಿ ಕೇಳುತ್ತದೆ? ರಪಕ್ಕನೆ ಎದ್ದ. ಪಟ್ಟಿ ಕೊರಳನ್ನು ಜಗ್ಗಿತು. ಕಣ್ಣು ಮೇಲೆ ಹೋಗಿ, ಕೆಮ್ಮು ಬಂದು, ಗೋಡೆ ಹಿಡಿದುಕೊಂಡ. ನಾನು ಓಡಿ ಪಟ್ಟಿ ಬಿಡಿಸಿದೆ. ಕೊರಳಿನಲ್ಲಿ ಕಿರುಬೆರಳಿನಷ್ಟು ಅಗಲದ ಕೆಂಪು ಗೆರೆ ಎದ್ದಿತ್ತು. ಅಮ್ಮನ ಹೊಲಿಗೆಯ ಒಂದು ಎಳೆಯೂ ಅಲುಗಾಡಿರಲಿಲ್ಲ.

ಅಮ್ಮ ಆ ಗೆರೆಯನ್ನೇ ನೋಡಿದಳು. "ಜೆಜೂ! ನನ್ನ ಕೈಯಾರೆ ನನ್ನ ಮಗನಿಗೆ ಹಗ್ಗ ಹೊಲಿದೆನಲ್ಲಾ" ಎಂದು ಅತ್ತೇಬಿಟ್ಟಳು. ಮೆಷಿನಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಪಟ್ಟಿಯನ್ನು ಕಚಕಚ ಕತ್ತರಿಸಿದಳು.

"ಅಳಬೇಡಿ ಬಾಯಿ" ಎಂದರು ತಾರಾನಾಥರು. "ಫೋಟೋ ಬೇಡ ಅಂತ ನಾನು ಹೇಳುದಿಲ್ಲ. ಆದ್ರೆ ಅದಕ್ಕೆ ಒಂದು ಕ್ರಮ ಉಂಟು. ತೊಡೆಗೆ ಒಂದು ಚೀಲ ಹೊಲಿದು ಕೊಡಿ, ಮುಚ್ಚಳ ಇರುವಂಥದ್ದು. ಹಾರುವಾಗ ಕ್ಯಾಮರಾ ಅದರೊಳಗೆ ಇರಬೇಕು. ಪ್ಯಾರಾಶೂಟ್ ಬಿಚ್ಚಿಕೊಂಡು ತಲೆ ಮೇಲೆ ಸರಿಯಾಗಿ ನಿಂತ ಮೇಲೆಯೇ ಹೊರಗೆ ಬರಬೇಕು. ಸಾವಿರ ಅಡಿಗೆ ಇಳಿಯುವಾಗ ಪುನಃ ಒಳಗೆ. ಕೈತಪ್ಪಿ ಬೀಳದ ಹಾಗೆ ಒಂದು ಪಟ್ಟಿ ಇರಲಿ, ಆದ್ರೆ ಕೊರಳಿಗಲ್ಲ, ಪ್ಯಾರಾಶೂಟಿನ ಭುಜದ ಬೆಲ್ಟಿಗೆ. ಅದೂ ಎಳೆದರೆ ಹರಿಯಬೇಕು."

"ಹರಿಯಬೇಕಾ?" ಅಮ್ಮ ಕಣ್ಣೊರೆಸಿಕೊಂಡು ಕೇಳಿದಳು. ಮೂವತ್ತು ವರ್ಷದಲ್ಲಿ ಅವಳಿಗೆ ಯಾರೂ ಹಾಗೆ ಹೊಲಿಯಲು ಹೇಳಿರಲಿಲ್ಲ.

"ಹರಿದು ಕೆಳಗೆ ಯಾರ ಮಂಡೆಗಾದ್ರೂ ಬಿದ್ರೆ?" ಎಂದು ನಾನು ಕೇಳಿದೆ.

"ಅದಕ್ಕೇ ಮನೆ, ಜನ ಇರುವಲ್ಲಿ ಕ್ಯಾಮರಾ ತೆಗೀಲಿಕ್ಕಿಲ್ಲ. ಕೆಳಗೆ ಖಾಲಿ ಗುಡ್ಡ ಇರುವಾಗ ಮಾತ್ರ. ಮತ್ತೆ ಡೆನಿಸ್, ಇನ್ನು ಇಪ್ಪತ್ತು ಸಲ ಬರೀ ಕೈಯಲ್ಲಿ ಹಾರು. ಆಮೇಲೆ ಕ್ಯಾಮರಾದಷ್ಟೇ ತೂಕದ ಮರದ ತುಂಡು ಇಟ್ಟುಕೊಂಡು ಐದು ಸಲ. ಕಡೆಗೆ ಕ್ಯಾಮರಾ."

"ಮಳೆಗಾಲ ಬರ್ತದೆ ಅಷ್ಟರಲ್ಲಿ!"

"ಬರ್ಲಿ ಮಾರಾಯ. ಹೊಳೆ, ಸಮುದ್ರ ಎಲ್ಲಿಗೂ ಓಡಿಹೋಗುದಿಲ್ಲ."

ಚೀಲವೇನೋ ಒಂದೇ ದಿನದಲ್ಲಿ ಆಯಿತು. ಪಟ್ಟಿಯದ್ದೇ ಪೇಚಾಟ. ಅಮ್ಮ ಸಡಿಲ ಹೊಲಿಯಲು ಕೂತರೂ ಕೈ ಕೇಳುವುದಿಲ್ಲ, ತನ್ನಷ್ಟಕ್ಕೆ ಗಟ್ಟಿ ಹೊಲಿಯುತ್ತದೆ. ಕ್ಯಾಮರಾದಷ್ಟು ತೂಕದ ಅಕ್ಕಿ ಗಂಟನ್ನು ನೇತುಹಾಕಿ ನೋಡುವುದು. ಗಂಟು ನಿಲ್ಲಬೇಕು, ನಾನು ಒಂದು ಕೈಯಲ್ಲಿ ಎಳೆದರೆ ಹರಿಯಬೇಕು. ಮೊದಲ ಸಲ ಎಳೆದೆ, ನಾನೇ ಮುಗ್ಗರಿಸಿದೆ. ಎರಡನೆಯ ಸಲವೂ ಅದೇ ಕಥೆ. ಮೂರನೆಯದ್ದು ಎಳೆಯುವ ಮೊದಲೇ ಹರಿದು ಜಗಲಿ ತುಂಬಾ ಅಕ್ಕಿ. ಹೀಗೆ ನಾಲ್ಕು ಸಂಜೆ ಹೋದವು. ಕೊನೆಗೆ ಪಟ್ಟಿ ಬೆಲ್ಟಿಗೆ ಸೇರುವ ತುದಿಯಲ್ಲಿ ಬಿಳಿ ನೂಲಿನಲ್ಲಿ, ಕೈಯಲ್ಲಿ ಹಾಕಿದ ನಾಲ್ಕೇ ನಾಲ್ಕು ಹೊಲಿಗೆ ಸರಿಹೋಯಿತು.

"ಇಷ್ಟು ಕೆಟ್ಟ ಹೊಲಿಗೆ ನಾನು ಕಲಿಯುವಾಗಲೂ ಹಾಕಿರಲಿಲ್ಲ" ಎಂದು ಅಮ್ಮ ನಕ್ಕಳು.

ಡೆನಿಸ್ ಗೊಣಗುತ್ತಲೇ ಆದಿತ್ಯವಾರಕ್ಕೆ ಎರಡೆರಡು ಸಲದಂತೆ ಇಪ್ಪತ್ತೈದು ಸಲ ಹಾರಿದ. ಏಪ್ರಿಲ್ ಕೊನೆಯ ಆದಿತ್ಯವಾರ ಕ್ಯಾಮರಾದ ಸರದಿ ಬಂತು. ಎಂದೂ ಬಜಪೆಗೆ ಬಾರದ ಅಮ್ಮ ಅವತ್ತು ಕೊಡೆ ಹಿಡಿದುಕೊಂಡು ಬಂದಳು. ವಿಮಾನದ ಹತ್ತಿರ ತಾರಾನಾಥರು ಪ್ಯಾರಾಶೂಟ್ ತಪಾಸಣೆ ಮಾಡಿ ಮುಗಿಸಿದರು. "ಬಾಯಿ, ಪಟ್ಟಿ ನೀವೇ ನೋಡಿ" ಎಂದರು.

ಅಮ್ಮ ಕಣ್ಣು ಮುಚ್ಚಿ ಹೆಬ್ಬೆರಳು ಓಡಿಸಿದಳು. ಬೆರಳು ನಿಂತಿತು. ಹಿಂದೆ ಹೋಗಿ ಮತ್ತೆ ಅಲ್ಲೇ ನಿಂತಿತು.

"ಇದು ಐದು ಉಂಟು. ಐದನೆಯದ್ದು ನನ್ನದಲ್ಲ."

ಬಗ್ಗಿ ನೋಡಿದೆ. ಬಿಳಿ ನೂಲಿನ ಪಕ್ಕದಲ್ಲಿ ಮೇಣದ ಕಪ್ಪು ದಾರದ ಒಂದು ಹೊಲಿಗೆ, ಮೇಲೆ ಗಂಟು. ಡೆನಿಸ್ ತಲೆ ತಗ್ಗಿಸಿದ.

"ಒಂದೇ ಒಂದು ಹಾಕಿದ್ದು ಅಮ್ಮಾ. ಅಪ್ಪನ ಕ್ಯಾಮರಾ ಹೋದ್ರೆ ನಂಗೆ ತಡ್ಕೊಳ್ಲಿಕ್ಕೆ ಆಗುದಿಲ್ಲ."

ನನ್ನ ಕೈ ಅವನ ಕೆನ್ನೆಗೆ ಹೋಗುವುದರಲ್ಲಿತ್ತು. ಅಮ್ಮ ತಡೆದಳು. ಗದರಲೂ ಇಲ್ಲ. "ಅಪ್ಪ ಬಿಟ್ಟುಹೋದದ್ದು ಕ್ಯಾಮರಾ ಮಾತ್ರ ಅಂತ ಗ್ರಹಿಸಿದ್ದೀಯಾ? ನಿನ್ನನ್ನೂ ಬಿಟ್ಟುಹೋಗಿದ್ದಾರೆ, ಪುತಾ" ಎಂದಳು. ಹಲ್ಲಿನಿಂದ ಆ ಗಂಟನ್ನು ಕಚ್ಚಿ, ಕಪ್ಪು ದಾರವನ್ನು ಎಳೆದು ತೆಗೆದಳು. ಡೆನಿಸ್ ಅವಳ ಕೈಗೆ ಹಣೆ ತಾಗಿಸಿ ವಿಮಾನ ಹತ್ತಿದ.

ಪ್ಯಾರಾಶೂಟ್ ಚೆನ್ನಾಗಿಯೇ ಬಿಚ್ಚಿಕೊಂಡಿತು. ಕಡಲಿನ ಕಡೆಯಿಂದ ಗಾಳಿ ಬೀಸಿತು. ನೋಡುತ್ತಿದ್ದ ಹಾಗೆ ಅವನು ಮೈದಾನ ದಾಟಿ, ಅಂಚಿನ ಗೇರು ತೋಪಿನೊಳಗೆ ಇಳಿದು ಕಾಣದಾದ. ಕೊಂಬೆ ಮುರಿದ ಸದ್ದು ಕೇಳಿತು. ನಾವು ಓಡಿದೆವು. ಅರವತ್ತರ ಅಮ್ಮ ಕೊಡೆ ಎಸೆದು ನನಗಿಂತ ಮುಂದೆ ಓಡಿದಳು.

ಡೆನಿಸ್ ಮರದ ಬುಡದಲ್ಲಿ ಕೂತಿದ್ದ. ಮುಖವೆಲ್ಲ ತರಚಿತ್ತು, ಅಂಗಿಯೆಲ್ಲ ಗೇರುಹಣ್ಣಿನ ರಸ. ನಾನು ಮೊದಲು ಕೊರಳು ನೋಡಿದೆ. ಕಿವಿಯ ಕೆಳಗಿನಿಂದ ಗಂಟಲಿನವರೆಗೆ ಕೆಂಪು ಗೆರೆ, ನೂಲಿನಷ್ಟು ತೆಳ್ಳಗೆ.

"ಸಾವಿರ ಅಡಿಯಲ್ಲಿ ಒಳಗೆ ಇಡಬೇಕಿತ್ತು" ಎಂದ ಡೆನಿಸ್. "ಇನ್ನೊಂದು ತೆಗೀತೇನೆ, ಇನ್ನೊಂದು ಅಂತ ಕ್ಯಾಮರಾದಲ್ಲೇ ನೋಡ್ತಿದ್ದೆ. ಮರ ಬಂದದ್ದೇ ಗೊತ್ತಾಗಲಿಲ್ಲ. ಪಟ್ಟಿ ಕೊಂಬೆಗೂ ಕೊರಳಿಗೂ ಸುತ್ತಿಕೊಂಡಿತು. ಒಂದು ಎಳೆತ ಬಂತು ಅಮ್ಮಾ, ಅಷ್ಟೇ. ಟಪ್ ಅಂತ ಹರಿಯಿತು."

ಎಲ್ಲರೂ ಮೇಲೆ ನೋಡಿದೆವು. ಎರಡಾಳು ಎತ್ತರದ ಕೊಂಬೆಯಲ್ಲಿ ಅಪ್ಪನ ಕ್ಯಾಮರಾ ಒಂದೇ ನೇತಾಡುತ್ತಿತ್ತು. ತಾರಾನಾಥರು ಟೊಪ್ಪಿ ತೆಗೆದು ಮುಖ ಒರೆಸಿಕೊಂಡರು. ಅಮ್ಮ ಮಗನ ಭುಜದ ಬೆಲ್ಟು ಹಿಡಿದು, ಹೊಲಿಗೆ ಹರಿದ ಜಾಗವನ್ನು ಹೆಬ್ಬೆರಳಿನಲ್ಲಿ ಸವರಿದಳು. ಮತ್ತೆ ಸವರಿದಳು. "ಹರಿಯಿತು ನನ್ನ ಹೊಲಿಗೆ. ದೇವರೇ, ಹರಿಯಿತು!" ಎಂದು ಮಗನನ್ನು ತಬ್ಬಿಕೊಂಡು ನಗುತ್ತಾ ಅತ್ತಳು.

ಕ್ಯಾಮರಾದ ಗಾಜು ಒಡೆದಿತ್ತು. ಒಳಗಿನ ಫಿಲ್ಮಿನಲ್ಲಿ ಒಂದು ಫೋಟೋ ಮಾತ್ರ ನೆಟ್ಟಗೆ ಬಂದಿದೆ. ಹೊಳೆ ಬಳಸಿಕೊಂಡು ಹೋಗುತ್ತದೆ, ಹಿಂದೆ ಸಮುದ್ರ. ಕೆಳಗೆ ಮೈದಾನದಲ್ಲಿ ಒಂದು ಕಪ್ಪು ಚುಕ್ಕೆ ಕಾಣಿಸುತ್ತದೆ, ಅದು ಅಮ್ಮನ ಕೊಡೆ. ಸ್ಟುಡಿಯೋದಲ್ಲಿ ಅಪ್ಪನ ಫೋಟೋದ ಪಕ್ಕದಲ್ಲೇ ಅದನ್ನು ಹಾಕಿದ್ದೇವೆ.

ಕ್ಯಾಮರಾ ಹಿಡಿದು ಹಾರುವ ಆಸೆಯುಳ್ಳ ಅಣ್ಣತಮ್ಮಂದಿರೇ, ನಿಮಗೆ ಕೈಮುಗಿದು ಕೇಳುತ್ತೇನೆ. ಮೊದಲು ಹಾರುವುದನ್ನು ಕಲಿಯಿರಿ, ಫೋಟೋ ಆಮೇಲೆ. ಕೊರಳಿಗೆ ಏನನ್ನೂ ಹಾಕಿಕೊಳ್ಳಬೇಡಿ. ಎದೆಯ ಹಿಡಿಕೆಗೆ ಏನೂ ಅಡ್ಡ ಬರಬಾರದು. ಸಾವಿರ ಅಡಿ ಬಂದಾಗ ಎಂಥ ಚಂದದ ನೋಟವಿದ್ದರೂ ಕ್ಯಾಮರಾ ಚೀಲದೊಳಗೆ ಹೋಗಲಿ, ಕಣ್ಣು ನೆಲದ ಮೇಲಿರಲಿ. ನೀವು ಕಟ್ಟಿಕೊಂಡದ್ದನ್ನು ಇನ್ನೊಬ್ಬರ ಕೈ ಮುಟ್ಟಿ ನೋಡದೆ ವಿಮಾನ ಹತ್ತಬೇಡಿ. ಗಾಜು ಒಡೆದರೆ ಹೊಸದು ಹಾಕಿಸಬಹುದು. ಡೆನಿಸ್ ಈಗಾಗಲೇ ಹಾಕಿಸಿದ್ದಾನೆ.

ಚೀಲ, ಪಟ್ಟಿ ಹೊಲಿಯುವವರು ಸಿಗಲಿಲ್ಲ ಎಂಬ ನೆಪ ಬೇಡ. ಕದ್ರಿಯಲ್ಲಿ ಹೊಲಿಗೆಯ ಮಟಿಲ್ಡಾಬಾಯಿ ಎಂದರೆ ಯಾರು ಬೇಕಾದರೂ ಮನೆ ತೋರಿಸುತ್ತಾರೆ. ಬನ್ನಿ, ಮಜೂರಿ ತೆಗೆದುಕೊಳ್ಳುವುದಿಲ್ಲ. ಅಮ್ಮ ನಾಲ್ಕು ಹೊಲಿಗೆ ಹಾಕಿ ಕೊಡುತ್ತಾಳೆ. ಐದನೆಯದನ್ನು ನೀವು ಹಾಕಬೇಡಿ.